ಅಸಲು ತೀರದ ಸಾಲ

ರಕ್ತಪರೀಕ್ಷೆಯಲ್ಲಿ ವೈರಾಣು ಕಾಣಿಸದ ಮೇಲೂ ದಿನಾ ಗುಳಿಗೆ ನುಂಗುವುದೇಕೆ? ಎಚ್.ಐ.ವಿ. ಇರುವವರನ್ನು ಮನೆಯವರೇ ಕೇಳುವ ಪ್ರಶ್ನೆಯಿದು. ಪ್ರಶ್ನೆ ದಡ್ಡತನದ್ದೇನಲ್ಲ. 1996ರಲ್ಲಿ ಮೂರು ಔಷಧಗಳನ್ನು ಕೂಡಿಸಿ ಕೊಡುವ ಚಿಕಿತ್ಸೆ ಬಂದಾಗ, ಎರಡು ಮೂರು ವರ್ಷ ಬಿಡದೆ ಕೊಟ್ಟರೆ ರೋಗದ ಬೇರೇ ಕಿತ್ತುಹೋದೀತೆಂದು ವಿಜ್ಞಾನಿಗಳೂ ಎಣಿಸಿದ್ದರು. 1997ರಲ್ಲಿಯೇ ಆ ಎಣಿಕೆ ತಪ್ಪೆಂದು ತಿಳಿಯಿತು.

ಈ ವೈರಾಣು ರೋಗಗಳೊಡನೆ ಹೋರಾಡುವ ಬಿಳಿಯ ರಕ್ತಕಣದ ಒಳಹೊಕ್ಕು, ಅದರ ವಂಶವಾಹಿಯಲ್ಲಿ ತನ್ನ ಬರಹವನ್ನು ಸೇರಿಸಿಬಿಡುತ್ತದೆ. ಅಂಥ ಕಣಗಳಲ್ಲಿ ಹೆಚ್ಚಿನವು ಬೇಗ ಸಾಯುತ್ತವೆ. ಕೆಲವು ಮಾತ್ರ ಸುಮ್ಮನೆ ಮಲಗುತ್ತವೆ. ಹಳೆಯ ರೋಗಗಳ ನೆನಪಿಟ್ಟುಕೊಳ್ಳುವ ಕಣಗಳು ಅವು, ವರ್ಷಗಟ್ಟಲೆ ಬಾಳುತ್ತವೆ. ಗುಳಿಗೆಯು ಹೊಸ ಕಣಗಳಿಗೆ ಸೋಂಕು ಹರಡದಂತೆ ತಡೆಯುತ್ತದೆ; ಮಲಗಿರುವುದನ್ನು ಮುಟ್ಟಲಾರದು. ತಪ್ಪದೆ ಬಡ್ಡಿ ಕಟ್ಟಿಯೂ ಅಸಲು ಕರಗದ ಸಾಲವನ್ನು ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಅಸಲು ಅರ್ಧಕ್ಕಿಳಿಯಲು ಸುಮಾರು 44 ತಿಂಗಳು ಬೇಕೆಂದು ಲೆಕ್ಕ ಹಾಕಿದ್ದಾರೆ. ಸೋಂಕಿದ ಕಣ ಒಡೆದು ಎರಡಾದರೆ ಒಳಗಿನ ಬರಹವೂ ಎರಡಾಗುತ್ತದೆ. ಪೂರ್ತಿ ತೀರಲು ಒಂದು ಆಯುಷ್ಯ ಸಾಲದು.

ಅಮೆರಿಕೆಯ ಮಿಸಿಸಿಪಿಯಲ್ಲಿ 2010ರಲ್ಲಿ ಹುಟ್ಟಿದ ಒಂದು ಕೂಸಿಗೆ ಸುಮಾರು 30 ಗಂಟೆಗಳೊಳಗೆ ಔಷಧ ಆರಂಭಿಸಿದ್ದರು. ಒಂದೂವರೆ ವರ್ಷದ ಮೇಲೆ ಅದು ನಿಂತಿತು. ಮುಂದೆ ಎರಡು ವರ್ಷಕ್ಕೂ ಮಿಕ್ಕಿ ವೈರಾಣುವಿನ ಸುಳಿವಿರಲಿಲ್ಲ. ಗುಣವಾಯಿತೆಂದು ಪತ್ರಿಕೆಗಳು ಸಾರಿದವು. 2014ರಲ್ಲಿ ಅದು ಮರಳಿ ಬಂತು. ಸಾಮಾನ್ಯವಾಗಿ ಗುಳಿಗೆ ಬಿಟ್ಟ ಕೆಲವೇ ವಾರಗಳಲ್ಲಿ ಬರುತ್ತದೆ.

ಹೆದರಿಸಲೆಂದು ನಾವು ಇದನ್ನು ಬರೆಯುತ್ತಿಲ್ಲ. ತಪ್ಪದೆ ಗುಳಿಗೆ ತೆಗೆದುಕೊಳ್ಳುವವರು ಎಲ್ಲರಂತೆ ದುಡಿಯುತ್ತಾರೆ, ಬಾಳುತ್ತಾರೆ. ರಕ್ತದಲ್ಲಿ ವೈರಾಣು ಕಾಣಿಸದಷ್ಟು ಇಳಿದಿರುವವರೆಗೆ ಸಂಗಾತಿಗೆ ಲೈಂಗಿಕ ಸಂಬಂಧದಿಂದ ಸೋಂಕು ತಗಲುವುದೂ ಇಲ್ಲ. ಆದರೆ ಇದೆಲ್ಲವೂ ‘ತಪ್ಪದೆ’ ಎಂಬ ಒಂದು ಮಾತಿನ ಮೇಲೆ ನಿಂತಿದೆ. ತಪ್ಪಿದರೆ ಯಾರ ತಪ್ಪು? ರೋಗಿಯದೆಂದು ಹೇಳಿಬಿಡುವುದು ಸುಲಭ.

ಸರಕಾರ ಪುಕ್ಕಟೆ ಔಷಧ ಕೊಡತೊಡಗಿದ್ದು 2004ರ ಏಪ್ರಿಲಿನಲ್ಲಿ. ಮೊದಲು ಆರಿಸಿದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಇದು ದೊಡ್ಡ ಕೆಲಸವೆಂದು ನಾವು ಒಪ್ಪುತ್ತೇವೆ. ಆದರೆ 2022ರ ಜುಲೈಯಲ್ಲಿ ಔಷಧ ಸಿಗುತ್ತಿಲ್ಲವೆಂದು ರೋಗಿಗಳು ದಿಲ್ಲಿಯಲ್ಲಿ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ಧರಣಿ ಕೂರಬೇಕಾಯಿತು. ದೇಶದಲ್ಲಿ ಸಾಕಷ್ಟು ದಾಸ್ತಾನಿದೆಯೆಂದು ಸರಕಾರ ಉತ್ತರ ಕೊಟ್ಟಿತು. ಉಗ್ರಾಣದ ಪುಸ್ತಕದಲ್ಲಿರುವ ಗುಳಿಗೆ ಯಾರ ಮೈಯೊಳಗಿನ ವೈರಾಣುವನ್ನು ತಡೆದೀತು?

ಇನ್ನು ಗಿರಣಿಯ ಆಳಿನ ಮಾತು. ಔಷಧ ತರಲು ಒಂದು ಪಾಳಿ ಬಿಡಬೇಕು, ಆ ದಿನದ ಕೂಲಿ ಹೋಗುತ್ತದೆ. ರಜೆ ಏಕೆಂದು ಮೇಸ್ತ್ರಿ ಕೇಳುತ್ತಾನೆ. ಸೋಂಕಿನ ಕಾರಣಕ್ಕೆ ಕೆಲಸದಿಂದ ತೆಗೆಯಬಾರದೆಂದು 2017ರ ಕಾಯಿದೆ ಹೇಳುವುದು ನಿಜ. ಕಾಯಿದೆಯನ್ನು ಜೇಬಿನಲ್ಲಿಟ್ಟುಕೊಂಡು ಮೇಸ್ತ್ರಿಯೆದುರು ನಿಲ್ಲುವ ಧೈರ್ಯ ಎಷ್ಟು ಮಂದಿಗಿದ್ದೀತು? ಅಂಗಡಿ ಮುಚ್ಚಿ ಹೋಗುವ ಕಿರುಕುಳ ವ್ಯಾಪಾರಿಯ ಪಾಡೂ ಇದೇ.

ಚಿಕಿತ್ಸೆಗೆ ಒಗ್ಗಿಕೊಂಡವರಿಗೆ ಮೂರು ತಿಂಗಳ ಗುಳಿಗೆಯನ್ನು ಒಮ್ಮೆಗೇ ಕೊಡಬೇಕು. ವಾರಕ್ಕೊಂದು ಸಂಜೆಯಾದರೂ ಚಿಕಿತ್ಸಾ ಕೇಂದ್ರಗಳು ಪಾಳಿ ಬಿಟ್ಟ ಮೇಲೆ ತೆರೆದಿರಬೇಕು. ಯಾವ ಗುಳಿಗೆ ಎಷ್ಟು ದಿನಕ್ಕಿದೆಯೆಂಬ ಪಟ್ಟಿಯನ್ನು ಕೇಂದ್ರದ ಬಾಗಿಲಿಗೇ ಅಂಟಿಸಬೇಕು. ರೇಷನ್ ಅಂಗಡಿಯವನಿಂದ ನಾವು ಇಷ್ಟನ್ನು ಕೇಳುವುದಿಲ್ಲವೆ?