ಕಿಡ್ನಿ ಕಸಿ ಆದವರ ತಲೆನೋವು: ಮಾತ್ರೆ ನುಂಗಿ ಸುಮ್ಮನಾಗುವಂತಿಲ್ಲ

ಪೂರಿಗಾಲಿ (ಮಳವಳ್ಳಿ ತಾ.): ಬೆಂಗಳೂರು, ಮೈಸೂರಿನ ಆಸ್ಪತ್ರೆಗಳಲ್ಲಿ ಕಿಡ್ನಿ ಕಸಿ ಮಾಡಿಸಿಕೊಂಡು ಊರಿಗೆ ಬಂದರೆ ಗಂಡಾಂತರ ಕಳೀತು ಅಂತ ಮನೆಯವರು ಅಂದುಕೊಳ್ಳುತ್ತಾರೆ. ಆದರೆ ಅಪರೂಪಕ್ಕೆ ಬರುವ, ಬಂದರೆ ಪ್ರಾಣಕ್ಕೇ ಕುತ್ತಾಗುವ ಕಾಯಿಲೆಯೊಂದಿದೆ. ಅದೇ ಮಿದುಳಿಗೆ ತಗಲುವ ಫಂಗಸ್ ಸೋಂಕು.

2021ರಲ್ಲಿ ಕೋವಿಡ್ ಎರಡನೇ ಅಲೆಯ ಹಿಂದೆಯೇ ಬಂದ ಕಪ್ಪು ಶಿಲೀಂಧ್ರವನ್ನು ಜನ ಮರೆತಿಲ್ಲ. ಆಂಫೋಟೆರಿಸಿನ್-ಬಿ ಇಂಜೆಕ್ಷನ್ ಸಿಗದೆ ರಾಜ್ಯವೇ ಪರದಾಡಿತ್ತು. ಆಗ ಅದಕ್ಕೆ ದಾರಿ ಮಾಡಿಕೊಟ್ಟಿದ್ದು ಸಕ್ಕರೆ ಕಾಯಿಲೆ ಮತ್ತು ಸ್ಟೆರಾಯ್ಡ್. ಕಸಿಯಾದವರಿಗೆ ಈ ಅಪಾಯ ವರ್ಷಗಟ್ಟಲೆ ಇದ್ದೇ ಇರುತ್ತದೆ.

ಕಾರಣ ಏನು?

ಬೇರೆಯವರ ಕಿಡ್ನಿಯನ್ನು ದೇಹ ತಿರಸ್ಕರಿಸಬಾರದು ಅಂತ ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್, ಸ್ಟೆರಾಯ್ಡ್‌ನಂಥ ಮಾತ್ರೆ ಕೊಡುತ್ತಾರೆ. ಇವು ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತವೆ. ಕೊಳೆತ ಹುಲ್ಲು, ತಿಪ್ಪೆಯಲ್ಲಿ ಬೆಳೆಯುವ ಆಸ್ಪರ್ಜಿಲಸ್, ಪಾರಿವಾಳದ ಹಿಕ್ಕೆಯಲ್ಲಿರುವ ಕ್ರಿಪ್ಟೊಕಾಕಸ್ ಉಸಿರಿನ ಜತೆ ಒಳಹೋಗುತ್ತವೆ. ಗಟ್ಟಿಮುಟ್ಟಾದವರಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ಕಸಿಯಾದವರಲ್ಲಿ ಶ್ವಾಸಕೋಶದಿಂದ ರಕ್ತದ ಮೂಲಕ ಮಿದುಳು ತಲುಪಬಹುದು. ಇವು ಮನೆಯಲ್ಲಿ ಒಬ್ಬರಿಂದೊಬ್ಬರಿಗೆ ಹರಡುವ ರೋಗಗಳಲ್ಲ.

ಎಡವುವುದು ಎಲ್ಲಿ?

ಲಕ್ಷಣ ಮೊದಮೊದಲು ತೀರಾ ಮಾಮೂಲಿ: ವಾರಗಟ್ಟಲೆ ತಲೆನೋವು, ವಾಂತಿ, ಮಂಕು, ದೃಷ್ಟಿ ಮಸುಕು. ಶಕ್ತಿ ತಗ್ಗಿರುವುದರಿಂದ ಜ್ವರ ಜೋರಾಗಿ ಬರದೆಯೂ ಇರಬಹುದು. ಅದಕ್ಕೇ ಮೆಡಿಕಲ್ ಸ್ಟೋರ್ ಮಾತ್ರೆಯಲ್ಲೇ ದಿನ ಕಳೆಯುತ್ತವೆ. ಫಿಟ್ಸ್ ಬಂದ ಮೇಲೆ ಅಥವಾ ಕೈಕಾಲು ಸೋತ ಮೇಲೆ ಸ್ಕ್ಯಾನಿಂಗ್, ಬೆನ್ನುಹುರಿ ನೀರಿನ ಪರೀಕ್ಷೆಗೆ ಓಡಿದರೆ ತಡವಾಗಿರುತ್ತದೆ.

ನೋವಿನ ಮಾತ್ರೆಗಳಲ್ಲಿ ಕೆಲವು ಕಿಡ್ನಿಗೇ ಹಾನಿ ಮಾಡುತ್ತವೆ. ಫಂಗಸ್‌ಗೆ ಕೊಡುವ ವೊರಿಕೊನಜೋಲ್, ಫ್ಲುಕೊನಜೋಲ್ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಏರಿಸುತ್ತವೆ. ಹೆದರಿ ಕಸಿಯ ಮಾತ್ರೆಯನ್ನೇ ಬಿಟ್ಟರೆ ಹಾಕಿದ ಕಿಡ್ನಿಯೇ ಕೈಕೊಡಬಹುದು. ಹಾಗಾಗಿ ಯಾವ ಬದಲಾವಣೆಯೂ ಕಸಿ ಮಾಡಿದ ವೈದ್ಯರನ್ನು ಕೇಳಿಯೇ ಆಗಬೇಕು.

ಊರಲ್ಲೇ ಮಾಡಬಹುದಾದ್ದು

ಕಸಿಯಾದವರು ಹುಲ್ಲಿನ ಮೆದೆ ಕೀಳುವುದು, ತಿಪ್ಪೆ ಬಗೆಯುವುದು, ಪಾರಿವಾಳದ ಗೂಡು ತೊಳೆಯುವುದನ್ನು ಮನೆಯ ಬೇರೆಯವರಿಗೆ ಬಿಡಬೇಕು. ಯಾವ ಡಾಕ್ಟರ ಹತ್ತಿರ ಹೋದರೂ ‘ಕಿಡ್ನಿ ಕಸಿ ಆಗಿದೆ’ ಅನ್ನೋದೇ ಮೊದಲ ಮಾತಾಗಬೇಕು, ಮಾತ್ರೆ ಚೀಟಿ ಜೇಬಲ್ಲಿರಬೇಕು.

ಬಡವರ ಕಸಿಗೆ ಸರ್ಕಾರದ ನೆರವಿದೆ. ಆದರೆ ಕಸಿಯ ನಂತರ ಹಳ್ಳಿಯಲ್ಲಿ ವಿಚಾರಿಸುವವರೂ ಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರಗಳು ತಮ್ಮ ವ್ಯಾಪ್ತಿಯ ಕಸಿ ರೋಗಿಗಳ ಪಟ್ಟಿ ಇಟ್ಟುಕೊಂಡು, ಆಶಾ ಕಾರ್ಯಕರ್ತೆಯರ ಮೂಲಕ ತಿಂಗಳಿಗೊಮ್ಮೆ ವಿಚಾರಿಸಿದರೆ ಸಾಕು. ಇದಕ್ಕೆ ದೊಡ್ಡ ಖರ್ಚೇನೂ ಬೇಕಿಲ್ಲ.