ಕಂಪ್ಯೂಟರ್ ನಿಧಾನ ಅಂತ ಅಂಗಡಿಗೆ ಹೊರೋ ಮುಂಚೆ



ಈ ಪುಟದಲ್ಲಿ ನಾವು ಯಾವಾಗಲೂ ಬರೆಯೋದು ಕನ್ನಡ ಶಾಲೆ, ಮೇಷ್ಟ್ರ ಹುದ್ದೆ, ಪಠ್ಯಪುಸ್ತಕ, ಬೋರ್ಡು ಇಂಥವುಗಳ ಬಗ್ಗೆ. ಇವತ್ತು ನಿಮ್ಮ ಮನೆಯ ಮೂಲೆಯಲ್ಲಿ ಕೂತಿರೋ ಕಂಪ್ಯೂಟರ್ ಬಗ್ಗೆ ಬರೀತಿದ್ದೀನಿ. ಸ್ವಿಚ್ ಒತ್ತಿ, ಟೀ ಕುಡಿದು ಬಂದರೂ ಇನ್ನೂ ಸುತ್ತುತ್ತಲೇ ಇರುತ್ತಲ್ಲ, ಅದರ ಬಗ್ಗೆ. ಇದೇನು ಭಾಷಾ ಅಲ್ಪಸಂಖ್ಯಾತರ ವಿಷಯವಾ ಅಂತ ಕೇಳಬಹುದು. ಹೌದು, ಇದೂ ನಮ್ಮ ವಿಷಯವೇ.

ರಾಯದುರ್ಗ, ಡಿ.ಹಿರೇಹಾಳು, ಬೊಮ್ಮನಹಾಳು, ಕಣೇಕಲ್ಲು ಕಡೆ ಇರಲಿ, ಮಡಕಶಿರಾ, ಅಗಳಿ, ರೊಳ್ಳ, ಗುಡಿಬಂಡೆ, ಅಮರಾಪುರ ಕಡೆ ಇರಲಿ, ಕಂಪ್ಯೂಟರ್ ನಿಧಾನ ಆಯ್ತು ಅಂದರೆ ಸಿಗೋ ಉತ್ತರ ಎರಡೇ. ಒಂದು, "ಫಾರ್ಮ್ಯಾಟ್ ಹೊಡೆಸು". ಇನ್ನೊಂದು, "ಹಳೇದಾಯ್ತು, ಕಂತಿನ ಮೇಲೆ ಹೊಸದು ತಗೋ". ಎರಡೂ ಕೊನೆಯ ಉತ್ತರಗಳು. ಅವನ್ನ ನಾವು ಮೊದಲನೇ ಉತ್ತರ ಮಾಡಿಕೊಂಡಿದ್ದೀವಿ. ಅದರಲ್ಲಿ ಹೋಗೋದು ದುಡ್ಡು ಮಾತ್ರ ಅಲ್ಲ, ನಮ್ಮ ಕನ್ನಡದ ಕಾಗದಪತ್ರವೂ ಹೋಗುತ್ತೆ.

1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿ ರಾಯದುರ್ಗ ತಾಲ್ಲೂಕು ಆಂಧ್ರದಲ್ಲಿ ಉಳಿಯಿತು. ಆವತ್ತಿನಿಂದ ನಮ್ಮ ಹೋರಾಟ ನಡೆದಿರೋದು ಕಾಗದದ ಮೇಲೆ. ಅರ್ಜಿ, ಮನವಿ, ಮಕ್ಕಳ ಪಟ್ಟಿ, ಖಾಲಿ ಹುದ್ದೆಗಳ ಪಟ್ಟಿ. ಸಂವಿಧಾನದ 350ನೇ ವಿಧಿ ಪ್ರಕಾರ ನಮ್ಮ ದೂರನ್ನ ಕನ್ನಡದಲ್ಲೇ ಬರೆದು ಕೊಡಬಹುದು. 350-ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸೋ ಸೌಲಭ್ಯದ ಬಗ್ಗೆ ಹೇಳುತ್ತೆ. ಇವನ್ನ ಹಿಡಿದುಕೊಂಡು ಬರೆದ ಮನವಿಗಳೆಲ್ಲ ಈಗ ಎಲ್ಲಿವೆ? ಯಾರದೋ ಮನೆಯ ಹಳೇ ಕಂಪ್ಯೂಟರಿನ ಡೆಸ್ಕ್‌ಟಾಪ್ ಮೇಲೆ, ನುಡಿ ಅಥವಾ ಬರಹದಲ್ಲಿ ಟೈಪ್ ಮಾಡಿದ ಫೈಲ್‌ಗಳಾಗಿ. 2022ರಲ್ಲಿ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯ್ತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಈಗ ಒಂದೇ ಮನವಿಯನ್ನ ಇಬ್ಬರು ಕಲೆಕ್ಟರ್‌ಗೆ ಕೊಡಬೇಕು. ಹಳೇ ಪ್ರತಿ ಬೇಕಾಗೋದು ಇಂಥ ಹೊತ್ತಿನಲ್ಲೇ.

ಅಂಗಡಿಯವನು ಫಾರ್ಮ್ಯಾಟ್ ಹೊಡೆದರೆ ಸಿ ಡ್ರೈವ್ ಪೂರಾ ಅಳಿಸಿ ಹೋಗುತ್ತೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎರಡೂ ಇರೋದು ಸಾಮಾನ್ಯವಾಗಿ ಸಿ ಡ್ರೈವಿನಲ್ಲೇ. ಫೈಲ್ ಉಳಿದರೂ ನುಡಿ ಫಾಂಟ್ ಹೋಗಿರುತ್ತೆ, ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಗಡಿಯವನನ್ನ ಬೈದು ಪ್ರಯೋಜನ ಇಲ್ಲ. ಅವನಿಗೆ ಅದು ದಿನಕ್ಕೆ ಹತ್ತು ಬರೋ ಕೆಲಸ, ಒಳಗೇನಿದೆ ಅನ್ನೋದು ಗೊತ್ತಿರೋದು ನಮಗೆ.

ಅದಕ್ಕೇ ನಾನು ಹೇಳೋದು, ಮೊದಲು ನಾವೇ ನೋಡೋಣ. ನೋಡೋದು ಹೇಗೆ ಅಂತ ಕನ್ನಡದಲ್ಲೇ ಹೇಳ್ತೀನಿ.

ಎಲ್ಲಕ್ಕಿಂತ ಮೊದಲು ಮುಖ್ಯವಾದ ಫೈಲ್‌ಗಳನ್ನ ಒಂದು ಪೆನ್ ಡ್ರೈವ್‌ಗೆ ಕಾಪಿ ಮಾಡಿ. ಹಾರ್ಡ್ ಡಿಸ್ಕ್‌ನಿಂದ ಟಕ್ ಟಕ್ ಅಂತ ಶಬ್ದ ಬರ್ತಿದ್ದರೆ ಬೇರೆ ಏನನ್ನೂ ಮುಟ್ಟಬೇಡಿ, ಕಾಪಿ ಒಂದೇ ಕೆಲಸ. ಆ ಡಿಸ್ಕ್ ಯಾವತ್ತು ಬೇಕಾದರೂ ಕೈಕೊಡಬಹುದು.

ಆಮೇಲೆ ಫೋನಿನ ಸ್ಟಾಪ್‌ವಾಚ್ ಹಿಡಿದು ಕೂತ್ಕೊಳ್ಳಿ. ಸ್ವಿಚ್ ಒತ್ತಿದಾಗಿನಿಂದ ಕೆಲಸಕ್ಕೆ ಸಿಗೋವರೆಗೆ ಮೂರು ಹಂತ ಇದೆ. ಒಂದು, ಕಂಪನಿ ಹೆಸರು ಕಾಣೋವರೆಗೆ. ಆಗ ಯಂತ್ರ ತನ್ನ ಭಾಗಗಳನ್ನ ತಾನೇ ಪರೀಕ್ಷೆ ಮಾಡಿಕೊಳ್ತಿರುತ್ತೆ. ಎರಡು, ಚುಕ್ಕಿಗಳು ಸುತ್ತೋ ಹೊತ್ತು. ಆಗ ವಿಂಡೋಸ್ ಡಿಸ್ಕ್‌ನಿಂದ ಮೆಮೊರಿಗೆ ಬರ್ತಿರುತ್ತೆ. ಮೂರು, ಪಾಸ್‌ವರ್ಡ್ ಹಾಕಿದ ಮೇಲೆ ಮೌಸ್ ಮಾತು ಕೇಳೋವರೆಗೆ. ಯಾವ ಹಂತದಲ್ಲಿ ಎಷ್ಟು ಹೊತ್ತು ಅಂತ ಬರೆದಿಟ್ಟುಕೊಳ್ಳಿ. ರೋಗ ಎಲ್ಲಿದೆ ಅನ್ನೋದು ಅರ್ಧ ಅಲ್ಲೇ ಗೊತ್ತಾಗುತ್ತೆ.

ಮೊದಲನೇ ಹಂತದಲ್ಲಿ ತಡ ಆದರೆ ಚುಚ್ಚಿರೋ ಪೆನ್ ಡ್ರೈವ್, ಪ್ರಿಂಟರ್, ಹೊರಗಿನ ಡಿಸ್ಕ್ ಎಲ್ಲ ಕಿತ್ತು ಇನ್ನೊಮ್ಮೆ ನೋಡಿ. ಪ್ರತಿ ಸಲ ತಾರೀಖು ತಪ್ಪು ತೋರಿಸ್ತಿದ್ದರೆ ಒಳಗಿನ ಬಿಲ್ಲೆಯಂಥ ಸೆಲ್ ಮುಗಿದಿರೋ ಸಾಧ್ಯತೆ ಹೆಚ್ಚು. ಡೆಸ್ಕ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಸಿಆರ್ 2032. ತಾರೀಖು ತಪ್ಪಿದ್ದರೆ ಅರ್ಜಿ ಹಾಕೋ ಸರ್ಕಾರಿ ವೆಬ್‌ಸೈಟ್ ಕೂಡ "ಸುರಕ್ಷಿತ ಅಲ್ಲ" ಅಂತ ಹೇಳಿ ತೆರೆಯೋದಿಲ್ಲ. ನಾವು ಸರ್ವರ್ ಡೌನ್ ಅಂದುಕೊಂಡು ಬಿಡ್ತೀವಿ.

ಎರಡನೇ ಹಂತದಲ್ಲಿ ತಡ ಆದರೆ ಡಿಸ್ಕ್ ಕಡೆ ನೋಡಿ. ಸಿ ಡ್ರೈವ್ ತುಂಬಿ ಕೆಂಪು ಗೆರೆ ಬಂದಿದೆಯಾ? ಸಿನಿಮಾ, ಮದುವೆ ವಿಡಿಯೋ ಎಲ್ಲ ಬೇರೆ ಡ್ರೈವ್‌ಗೆ ಹಾಕಿ ಐದರಲ್ಲಿ ಒಂದು ಪಾಲಾದರೂ ಖಾಲಿ ಬಿಡಿ. ನಮ್ಮ ಕಡೆ ಇನ್ನೊಂದು ಕಾರಣ ಕರೆಂಟು. ಕೆಲಸ ಮಾಡ್ತಿರುವಾಗಲೇ ಕರೆಂಟು ಹೋದರೆ ಮುಂದಿನ ಸಲ ಡಿಸ್ಕ್ ಪರೀಕ್ಷೆ ಶುರುವಾಗಬಹುದು. ಬೇಜಾರಾಗಿ ಮತ್ತೆ ಸ್ವಿಚ್ ಆರಿಸಬೇಡಿ, ಅದು ಮುಗಿಯಲಿ. ಮಧ್ಯದಲ್ಲಿ ನಿಲ್ಲಿಸಿದರೆ ಕಾಯಿಲೆ ಹೆಚ್ಚಾಗುತ್ತೆ. ಇನ್ನೊಂದು ವಿಷಯ, ವಿಂಡೋಸ್ 10, 11ರಲ್ಲಿ "ಶಟ್ ಡೌನ್" ಕೊಟ್ಟರೆ ಎಷ್ಟೋ ಸಲ ಅದು ಪೂರ್ತಿ ಮಲಗೋದಿಲ್ಲ, ಅರ್ಧ ಎಚ್ಚರ ಇಟ್ಟುಕೊಂಡಿರುತ್ತೆ. "ರೀಸ್ಟಾರ್ಟ್" ಕೊಟ್ಟರೆ ಮಾತ್ರ ಪೂರ್ತಿ ಹೊಸದಾಗಿ ಏಳುತ್ತೆ. ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ.

ಮೂರನೇ ಹಂತವೇ ಹೆಚ್ಚಿನ ಮನೆಗಳ ಕಥೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಅದರಲ್ಲಿ "ಸ್ಟಾರ್ಟಪ್" ಅಂತ ಒಂದು ಪಟ್ಟಿ. ನೀವು ಕರೆಯದೇ ಇದ್ದರೂ ಕಂಪ್ಯೂಟರ್ ಜೊತೆಗೆ ಏಳೋ ಪ್ರೋಗ್ರಾಂಗಳೆಲ್ಲ ಅಲ್ಲಿರುತ್ತವೆ. ಮೀಟಿಂಗ್ ಆಪ್, ಟೊರೆಂಟ್, ಪ್ರಿಂಟರ್ ಸಹಾಯಕ, ಯಾವತ್ತೋ ಹಾಕಿದ ಗೇಮ್. ಎದುರಿಗೆ "ಹೈ" ಅಂತ ಇದ್ದರೆ ಅದು ಹೆಚ್ಚು ಹೊತ್ತು ತಿಂತಿದೆ ಅಂತ ಅರ್ಥ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ "ಡಿಸೇಬಲ್" ಕೊಡಿ. ಪ್ರೋಗ್ರಾಂ ಅಳಿಸಿ ಹೋಗೋದಿಲ್ಲ, ತಾನಾಗಿ ಏಳೋದು ನಿಲ್ಲುತ್ತೆ ಅಷ್ಟೇ. ಬೇಕಾದಾಗ ನೀವೇ ತೆರೆಯಬಹುದು. ಹೆಸರು ಗೊತ್ತಾಗದಿದ್ದರೆ ಬಿಟ್ಟುಬಿಡಿ, ಧ್ವನಿಗೋ ಟಚ್‌ಪ್ಯಾಡ್‌ಗೋ ಬೇಕಾದದ್ದು ಇರಬಹುದು. ಎರಡೆರಡು ಆಂಟಿವೈರಸ್ ಇದ್ದರೆ ಒಂದನ್ನ ತೆಗೆಯಿರಿ. ವಿಂಡೋಸ್ ಜೊತೆಗೇ ಬರೋ ಡಿಫೆಂಡರ್ ಮನೆ ಬಳಕೆಗೆ ಸಾಕು.

ಧೂಳನ್ನ ಮರೀಬೇಡಿ. ಬೊಮ್ಮನಹಾಳು ಕಡೆ ಹಗರಿ ದಂಡೆಯ ಮರಳು ಗಾಳಿಗೆ ಮನೆಯೊಳಗೇ ಬರುತ್ತೆ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯೋ ಮನೆಗಳಲ್ಲಿ ನೂಲಿನ ಎಳೆ ಫ್ಯಾನಿಗೆ ಸುತ್ತಿಕೊಳ್ಳುತ್ತೆ. ಫ್ಯಾನ್ ಕಟ್ಟಿಕೊಂಡರೆ ಒಳಗೆ ಬಿಸಿ, ಬಿಸಿಯಾದರೆ ಪ್ರೊಸೆಸರ್ ತನ್ನನ್ನ ಉಳಿಸಿಕೊಳ್ಳೋಕೆ ತಾನೇ ನಿಧಾನ ಆಗುತ್ತೆ. ವೈರ್ ಪೂರ್ತಿ ಕಿತ್ತು, ಒಣ ಬ್ರಷ್‌ನಲ್ಲಿ ಮೆಲ್ಲಗೆ ಒರೆಸಿ. ಒದ್ದೆ ಬಟ್ಟೆ ಬೇಡ.

ಇಷ್ಟಾದ ಮೇಲೂ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ಅಂತಲೇ ತೋರಿಸ್ತಿದ್ದರೆ, ಮತ್ತು ನಿಮ್ಮದು ತಿರುಗೋ ಹಾರ್ಡ್ ಡಿಸ್ಕ್ ಆಗಿದ್ದರೆ, ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸಿ. ತಿರುಗೋ ಡಿಸ್ಕ್ ಒಂದು ಫೈಲಿನಿಂದ ಇನ್ನೊಂದಕ್ಕೆ ಹೋಗೋಕೆ ಮುಳ್ಳು ಓಡಾಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗೋದೂ ಇಲ್ಲ, ಓಡಾಡೋದೂ ಇಲ್ಲ. ಹಳೇ ಯಂತ್ರದ ವೇಗಕ್ಕೆ ಇದಕ್ಕಿಂತ ದೊಡ್ಡ ಮದ್ದು ಇಲ್ಲ. ಖರ್ಚು ಹೊಸ ಲ್ಯಾಪ್‌ಟಾಪ್ ಬೆಲೆಯ ಸಣ್ಣ ಪಾಲು. ನಾನು ಬ್ಯಾಂಕಿನಲ್ಲಿ ಕೆಲಸ ಮಾಡೋನು, ಸಾಲ ಮಾಡಬೇಡಿ ಅಂತ ಹೇಳೋದಿಲ್ಲ. ಆದರೆ ಇರೋದರಲ್ಲಿ ಇನ್ನೆಷ್ಟು ಬಾಳಿಕೆ ಇದೆ ಅಂತ ನೋಡದೆ ಹೊಸದಕ್ಕೆ ಕಂತು ಕಟ್ಟೋದು ಲೆಕ್ಕ ಅಲ್ಲ. ಸಾಲ ಕಾಲೇಜು ಫೀಸಿಗೆ ಇರಲಿ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ತುಂಬಾ ಹಳೇ ಯಂತ್ರಗಳಿಗೆ ವಿಂಡೋಸ್ 11 ಹತ್ತೋದಿಲ್ಲ, ಅದು ಕೇಳೋ ಟಿಪಿಎಂ 2.0 ಚಿಪ್ ಅವುಗಳಲ್ಲಿ ಇಲ್ಲ. ಹಾಗಂತ ಗುಜರಿಗೆ ಹಾಕಬೇಕಿಲ್ಲ. ಉಬುಂಟು, ಲಿನಕ್ಸ್ ಮಿಂಟ್ ಪುಕ್ಕಟೆ ಸಿಗುತ್ತವೆ, ಕನ್ನಡ ಟೈಪಿಂಗ್ ಕೂಡ ಇದೆ. ಕಳ್ಳ ವಿಂಡೋಸ್ ಹಾಕಿಸಿಕೊಂಡು ಅದರ ಜೊತೆ ಬರೋ "ಕ್ರ್ಯಾಕ್" ಅನ್ನ ದಿನಾ ಸಾಕೋದಕ್ಕಿಂತ ಇದು ಎಷ್ಟೋ ವಾಸಿ.

ಈಗ ಕನ್ನಡದ ಮಾತು. ನುಡಿ, ಬರಹ ಎರಡೂ ನಮಗೆ ದೊಡ್ಡ ಉಪಕಾರ ಮಾಡಿವೆ. ಆದರೆ ಬರೀ ಕನ್ನಡ ಟೈಪ್ ಮಾಡೋಕೆ ಈಗ ಬೇರೆ ಪ್ರೋಗ್ರಾಂ ಏಳಿಸಿ ಇಡಬೇಕಿಲ್ಲ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಲ್ಯಾಂಗ್ವೇಜ್‌ಗೆ ಹೋಗಿ ಕನ್ನಡ ಸೇರಿಸಿದರೆ ಕೀಬೋರ್ಡ್ ಅಲ್ಲೇ ಸಿಗುತ್ತೆ. ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಬರೋ ಫೊನೆಟಿಕ್ ಕೀಬೋರ್ಡ್ ಕೂಡ 2019ರಿಂದ ಇದೆ. ವಿಂಡೋಸ್ ಗುಂಡಿ ಮತ್ತು ಸ್ಪೇಸ್ ಒತ್ತಿದರೆ ಭಾಷೆ ಬದಲಾಗುತ್ತೆ. ಹೀಗೆ ಟೈಪ್ ಮಾಡಿದ್ದು ಯುನಿಕೋಡ್. ಅನಂತಪುರದ ಕಚೇರಿಯಲ್ಲಿ ತೆರೆದರೂ, ದೆಹಲಿಯಲ್ಲಿ ತೆರೆದರೂ, ಫೋನಿನಲ್ಲಿ ತೆರೆದರೂ ಕನ್ನಡವಾಗಿಯೇ ಕಾಣುತ್ತೆ. ಹಳೇ ನುಡಿ ಫೈಲ್‌ಗಳನ್ನ ಯುನಿಕೋಡ್‌ಗೆ ಬದಲಿಸೋ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನ ಒಮ್ಮೆ ಓದಿ ನೋಡಿ, ಕೆಲವು ತಪ್ಪಿರಬಹುದು.

"ಅಣ್ಣಾ, ಎಲ್ಲಾ ಫೋನಲ್ಲೇ ಆಗುತ್ತೆ, ಕಂಪ್ಯೂಟರ್ ಯಾಕೆ" ಅನ್ನೋರಿದ್ದಾರೆ. ರೀಲ್ಸ್ ನೋಡೋಕೆ ಫೋನ್ ಸಾಕು. ನಾಲ್ಕು ಪುಟದ ಮನವಿ, ಊರಿನ ಶಾಲೆಗಳ ಪಟ್ಟಿ, ಡಿ.ಎಸ್.ಸಿ. ಅರ್ಜಿಗೆ ಬೇಕಾದ ಅಳತೆಗೆ ತಂದ ಫೋಟೋ ಮತ್ತು ಸಹಿ, ಟೈಪಿಂಗ್ ಅಭ್ಯಾಸ, ಇವಕ್ಕೆಲ್ಲ ಕಂಪ್ಯೂಟರ್ ಬೇಕೇ ಬೇಕು. ಕೊನೆಯ ದಿನ ರಾತ್ರಿ ಹನ್ನೊಂದಕ್ಕೆ ಸ್ವಿಚ್ ಒತ್ತಿ ಇಪ್ಪತ್ತು ನಿಮಿಷ ಕಾದು ಕೂತರೆ ಹೋಗೋದು ಒಂದು ವರ್ಷ.

"ಯೂಟ್ಯೂಬ್‌ನಲ್ಲಿ ತೆಲುಗಿನಲ್ಲಿ, ಹಿಂದಿಯಲ್ಲಿ ಬೇಕಾದಷ್ಟು ವಿಡಿಯೋ ಇದೆಯಲ್ಲ" ಅನ್ನೋದೂ ನಿಜ. ನೋಡಿ, ಕಲಿಯಿರಿ, ತೆಲುಗು ನಮಗೆ ಪರಕೀಯ ಅಲ್ಲ, ಪಕ್ಕದ ಮನೆ ಮಾತು. ಆದರೆ ಕಲಿತದ್ದನ್ನ ಮನೆಯಲ್ಲಿ, ಊರಲ್ಲಿ ಕನ್ನಡದಲ್ಲಿ ಹೇಳಿಕೊಡಿ. ಹತ್ತನೇ ಕ್ಲಾಸಿನ ಹುಡುಗನಿಗೆ ಕನ್ನಡ ಅಂದರೆ ನವೆಂಬರ್ ಒಂದರ ಬಾವುಟ ಮಾತ್ರ, ಕೆಲಸದ ಮಾತೆಲ್ಲ ಬೇರೆ ಭಾಷೆಯದು ಅಂತ ಅನ್ನಿಸಿಬಿಟ್ಟರೆ, ನಾವು ಎಷ್ಟು ಮನವಿ ಕೊಟ್ಟರೂ ಅವನು ತನ್ನ ಮಗುವನ್ನ ಕನ್ನಡ ಶಾಲೆಗೆ ಕಳಿಸೋದಿಲ್ಲ. ಅವನ ಅಣ್ಣನೋ ಅಕ್ಕನೋ ಪಕ್ಕದಲ್ಲಿ ಕೂತು "ನೋಡು, ಇದು ಎದ್ದ ತಕ್ಷಣ ಇಷ್ಟು ಜನರನ್ನ ಎಬ್ಬಿಸ್ತಿದೆ, ಅದಕ್ಕೇ ತಡ" ಅಂತ ಮನೆ ಮಾತಿನಲ್ಲಿ ಹೇಳಿದರೆ ಅವನಿಗೆ ಕಂಪ್ಯೂಟರೂ ತಿಳಿಯುತ್ತೆ, ತನ್ನ ಭಾಷೆಯಲ್ಲಿ ಇದನ್ನೂ ಹೇಳೋಕಾಗುತ್ತೆ ಅನ್ನೋದೂ ತಿಳಿಯುತ್ತೆ.

ಅದಕ್ಕೆ ನನ್ನದೊಂದು ಸಲಹೆ. ಪ್ರತಿ ಊರಲ್ಲಿ ಕಂಪ್ಯೂಟರ್ ಸ್ವಲ್ಪ ಗೊತ್ತಿರೋ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರ್ತಾರೆ. ತಿಂಗಳಲ್ಲಿ ಒಂದು ಭಾನುವಾರ, ಬೆಳಿಗ್ಗೆ ಎರಡು ಗಂಟೆ, ಊರಿನ ಎರಡು ಮನೆಯ ಕಂಪ್ಯೂಟರ್ ನೋಡಿ. ಮೊದಲು ಫೈಲ್ ಕಾಪಿ, ಆಮೇಲೆ ಸ್ಟಾರ್ಟಪ್ ಪಟ್ಟಿ, ಆಮೇಲೆ ಕನ್ನಡ ಕೀಬೋರ್ಡ್. ಆ ಮನೆಯಲ್ಲಿ ಸಂಘದ ಹಳೇ ಮನವಿ, ಶಾಲೆಯ ಪಟ್ಟಿ ಏನಾದರೂ ಸಿಕ್ಕರೆ ಮನೆಯವರನ್ನ ಕೇಳಿ ಒಂದು ಪ್ರತಿ ಎತ್ತಿಡಿ. ಮುಂದಿನ ಸಲ ಕಲೆಕ್ಟರ್ ಕಚೇರಿಯಲ್ಲಿ "ಈ ಹಿಂದೆ ಯಾವಾಗ ಕೊಟ್ಟಿದ್ದೀರಿ, ಕಾಪಿ ಇದೆಯಾ" ಅಂತ ಕೇಳಿದಾಗ, ತಾರೀಖು ಸಮೇತ ಮೇಜಿನ ಮೇಲೆ ಇಡೋಕೆ ನಮ್ಮ ಹತ್ತಿರ ಕಾಗದ ಇರಬೇಕು.

ಮಾಡಿ ನೋಡಿ. ಮೊದಲು ಎಷ್ಟು ನಿಮಿಷ ಇತ್ತು, ಆಮೇಲೆ ಎಷ್ಟಾಯ್ತು ಅಂತ ಕನ್ನಡದಲ್ಲೇ ಬರೆದು ತಿಳಿಸಿ.