ಹಡಗಿನ ಕೆಲಸವೂ ನಮ್ಮ ಪದವಿಯೂ

ನಮ್ಮ ಕರಾವಳಿಯ ಊರುಗಳಲ್ಲಿ "ಹುಡುಗ ಹಡಗಿನಲ್ಲಿದ್ದಾನೆ" ಎಂದರೆ ಸಾಕು. ಯಾವ ಹಡಗು, ಯಾವ ಕೆಲಸ, ದಿನಕ್ಕೆ ಎಷ್ಟು ಗಂಟೆಯ ದುಡಿತ ಎಂದು ಯಾರೂ ಕೇಳುವುದಿಲ್ಲ. ಮದುವೆಯ ಮಾತುಕತೆಯಲ್ಲಿ ಆ ಒಂದು ಮಾತಿಗೆ ತೋಟ ಗದ್ದೆಗಳಿಗಿಂತ ಹೆಚ್ಚಿನ ಬೆಲೆ. ಕಾಲೇಜಿನ ಆವರಣದೊಳಗೆ ಬಂದರೆ ರಾಗವೇ ಬೇರೆ. "ಬಿ.ಎ. ಓದಿ ಪರದೇಶದವರ ಹಾಸಿಗೆ ಮಡಚುವುದೇ?" ಎಂದು ಮೂಗು ಮುರಿಯುವವರು ನಮ್ಮಲ್ಲಿಯೂ ಇದ್ದಾರೆ, ಅಧ್ಯಾಪಕರ ಕೊಠಡಿಯಲ್ಲಿಯೂ ಇಲ್ಲದಿಲ್ಲ. ಊರಿನ ಹೊಗಳಿಕೆ, ಕಾಲೇಜಿನ ತಾತ್ಸಾರ, ಇವೆರಡೂ ಆ ಕೆಲಸವನ್ನು ಕಣ್ಣಾರೆ ನೋಡದೆ ಆಡುವ ಮಾತುಗಳೆಂದು ನನ್ನ ಅಭಿಪ್ರಾಯ. ನೋಡುವ ಅವಕಾಶ ನನಗೆ ಒದಗಿತು. ಆದುದರಿಂದ ನಾಲ್ಕು ಮಾತು ಬರೆಯುವ ಧೈರ್ಯ ಮಾಡಿದ್ದೇನೆ.

ಪಣಂಬೂರಿನ ನವಮಂಗಳೂರು ಬಂದರು 1975ರಲ್ಲಿ ಉದ್ಘಾಟನೆಯಾಯಿತು. ಎಣ್ಣೆ, ಕಲ್ಲಿದ್ದಲುಗಳ ಹಡಗುಗಳ ನಡುವೆ, ಮಳೆಗಾಲ ಕಳೆದ ಮೇಲೆ ಪ್ರವಾಸಿ ಹಡಗುಗಳೂ ಅಲ್ಲಿಗೆ ಬರುತ್ತವೆ. ಬೆಳಗ್ಗೆ ಬಂದು ಸಂಜೆ ಹೊರಟುಬಿಡುತ್ತವೆ. ಅಂತಹ ಒಂದು ಹಡಗಿನಲ್ಲಿ ನಮ್ಮ ಕಾಲೇಜಿನಲ್ಲಿಯೇ ಇತಿಹಾಸ ಓದಿದ ನನ್ನ ಗೆಳೆಯನು ಕೋಣೆಗಳ ಪರಿಚಾರಕನಾಗಿದ್ದಾನೆ. ಹಡಗಿನವರ ಒಪ್ಪಿಗೆ, ಬಂದರಿನ ಪ್ರವೇಶಪತ್ರ, ಗುರುತಿನ ಚೀಟಿ ಎಂದು ವಾರಗಟ್ಟಲೆ ಓಡಾಡಿ ಅವನನ್ನು ನೋಡಲು ಹೋದೆ. ಅವನ ತಾಯಿ ಕಳುಹಿಸಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಹಡಗಿನ ಏಣಿಯ ಬುಡದಲ್ಲಿಯೇ ತಡೆದರು. ಹೊರಗಿನ ತಿನಿಸು ಒಳಗೆ ಹೋಗಕೂಡದೆಂಬುದು ಅವರ ನಿಯಮ.

ಆ ಹೊತ್ತಿಗೆ ಪ್ರಯಾಣಿಕರು ಬಸ್ಸುಗಳಲ್ಲಿ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಗೋಡಂಬಿ ಕಾರ್ಖಾನೆಯನ್ನೂ ನೋಡಲು ಹೋಗಿದ್ದರು. ನನ್ನ ಗೆಳೆಯನ ಮನೆ ಬಂದರಿನಿಂದ ನಲವತ್ತು ಮೈಲಿಯೂ ಇಲ್ಲ. ಆದರೆ ಅವನಿಗಿದ್ದ ಬಿಡುವು ಮೂರೇ ಗಂಟೆ. "ದೇಶ ದೇಶ ಸುತ್ತುವುದು ಹಡಗು ಮಾರಾಯ, ನಾನಲ್ಲ" ಎಂದು ನಕ್ಕನು.

ಮೇಲಿನ ಅಂತಸ್ತುಗಳಲ್ಲಿ ಈಜುಕೊಳ, ನಾಟಕಶಾಲೆ, ಗಾಜಿನ ಲಿಫ್ಟು. ಸಿಬ್ಬಂದಿಯ ಬಾಗಿಲು ದಾಟಿ ಕೆಳಗಿಳಿದರೆ ಬಣ್ಣ ಬಳಿದ ಕಬ್ಬಿಣದ ಗೋಡೆ, ತಲೆಯ ಮೇಲೆ ಕೊಳವೆಗಳ ಸಾಲು, ಹಡಗಿನ ಉದ್ದಕ್ಕೂ ಚಾಚಿದ ಒಂದು ಓಣಿ. ಅನೇಕ ಹಡಗುಗಳಲ್ಲಿ ಈ ಓಣಿಗೆ ಅಮೆರಿಕದ ಹೆದ್ದಾರಿಯೊಂದರ ಹೆಸರಿನಂತೆ 'ಐ-95' ಎನ್ನುವರು. ಗೆಳೆಯನ ಕೋಣೆಯಲ್ಲಿ ಒಂದರ ಮೇಲೊಂದು ಎರಡು ಮಂಚ, ಕಿಟಕಿ ಇಲ್ಲ. ಜೊತೆಗಾರನು ಫಿಲಿಪ್ಪೀನ್ಸಿನವನು. ಅಲ್ಲಿ ಜಾತಿ ಕೇಳುವವರಿಲ್ಲ. ಎದೆಯ ಮೇಲಿನ ಬಿಲ್ಲೆಯಲ್ಲಿ ಹೆಸರು ಮತ್ತು ದೇಶ ಮಾತ್ರ.

ಅವನ ಪಾಲಿಗೆ ಹದಿನೆಂಟು ಕೋಣೆಗಳು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಶುಚಿ ಮಾಡಿ, ಟವೆಲನ್ನು ಆನೆಯಂತೆಯೋ ಹಂಸದಂತೆಯೋ ಮಡಚಿಡಬೇಕು. ದಿನಕ್ಕೆ ಹತ್ತು ಹನ್ನೊಂದು ಗಂಟೆಯ ದುಡಿತ. ವಾರಕ್ಕೆ ಏಳು ದಿನ. ಹೀಗೆ ಎಂಟು ತಿಂಗಳು. ಇದು ಅನ್ಯಾಯವಲ್ಲವೇ ಎಂದು ಕೇಳಿದಾಗ ಅವನು ಕೊಟ್ಟ ಉತ್ತರವೇ ಈ ಲೇಖನಕ್ಕೆ ಮೂಲ. "ಅನ್ಯಾಯವೋ ಅಲ್ಲವೋ, ಕಾನೂನಿಗೆ ವಿರೋಧವಲ್ಲ. ನಾನೇ ಓದಿ ನೋಡಿದ್ದೇನೆ" ಎಂದನು.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ ಕಡಲ ಕಾರ್ಮಿಕ ಒಡಂಬಡಿಕೆಯು 2013ರಲ್ಲಿ ಜಾರಿಗೆ ಬಂತು. ಭಾರತವು 2015ರಲ್ಲಿ ಅದನ್ನು ಅಂಗೀಕರಿಸಿತು. ಅದರಂತೆ ನಾವಿಕನ ದುಡಿತವು ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆ ಮೀರಬಾರದು. ಇಲ್ಲವೇ ದಿನಕ್ಕೆ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಕೊಡಬೇಕು. ಅಡುಗೆಯವನೂ ಪರಿಚಾರಕನೂ ಈ ಲೆಕ್ಕದಲ್ಲಿ ನಾವಿಕರೇ. ಸಹಿ ಹಾಕುವ ಮುಂಚೆ ಕರಾರುಪತ್ರವನ್ನು ಪರಿಶೀಲಿಸಲೂ ಬಲ್ಲವರ ಸಲಹೆ ಕೇಳಲೂ ಅವಕಾಶವಿರಬೇಕು. ಇನ್ನೊಂದು ಮುಖ್ಯ ವಿಷಯ: ಕೆಲಸ ಕೊಡಿಸಿದ್ದಕ್ಕೆ ಏಜೆಂಟನು ಅಭ್ಯರ್ಥಿಯಿಂದ ಶುಲ್ಕ ವಸೂಲು ಮಾಡಕೂಡದು. ಪಾಸ್‌ಪೋರ್ಟು, ನಾವಿಕನ ಪುಸ್ತಕ, ವೈದ್ಯಕೀಯ ಪ್ರಮಾಣಪತ್ರ, ಇಷ್ಟರ ಖರ್ಚು ಮಾತ್ರ ಅಭ್ಯರ್ಥಿಯದಾಗಬಹುದು.

ನನ್ನ ಗೆಳೆಯನು ಇದನ್ನೆಲ್ಲ ಓದಿದ್ದು ಹಡಗು ಹತ್ತಿದ ಮೇಲೆ. ಅದಕ್ಕೆ ಮುಂಚೆ ಒಬ್ಬ ದಲ್ಲಾಳಿಗೆ ಎರಡು ಲಕ್ಷ ರೂಪಾಯಿ ಕೊಟ್ಟಾಗಿತ್ತು. ತಾಯಿಯ ಕರಿಮಣಿಯೊಂದನ್ನು ಬಿಟ್ಟು ಉಳಿದ ಚಿನ್ನವೆಲ್ಲ ಸೊಸೈಟಿಯಲ್ಲಿ ಅಡವು ಬಿತ್ತು. ಮೊದಲನೆಯ ಕರಾರಿನ ದುಡಿಮೆಯ ಬಹುಪಾಲು ಅದನ್ನು ಬಿಡಿಸುವುದಕ್ಕೇ ಹೋಯಿತು. ಆ ನಡುವೆ ಅಜ್ಜಿ ತೀರಿಕೊಂಡ ಸುದ್ದಿ ನಡುಗಡಲಿನಲ್ಲಿ ಬಂತು. ಅವನು ಮುಖ ತೊಳೆದುಕೊಂಡು ಸಂಜೆಯ ಕೆಲಸಕ್ಕೆ ಹೋದನು.

ಹಡಗಿನ ಹಿಂಭಾಗದಲ್ಲಿ ಅದರ ಹೆಸರಿನ ಕೆಳಗೆ 'ನಸ್ಸಾವ್' ಎಂದು ಬರೆದಿತ್ತು. ಅದು ಬಹಾಮಾಸ್ ದ್ವೀಪಗಳ ರಾಜಧಾನಿ. ಹಡಗು ಎಲ್ಲಿ ನೋಂದಣಿಯಾಗಿದೆಯೋ ಆ ದೇಶದ ಧ್ವಜ, ಮುಖ್ಯವಾಗಿ ಆ ದೇಶದ ಕಾನೂನು. ನಮ್ಮ ಊರಿನ ಹುಡುಗನು ಪಣಂಬೂರಿನಲ್ಲಿ ನಿಂತ ಹಡಗಿನೊಳಗೆ ದುಡಿಯುವಾಗಲೂ ಅವನ ಕರಾರಿಗೆ ದೂರದ ದ್ವೀಪದ ಕಟ್ಟಳೆ! ಇದನ್ನು ತಿಳಿಯದೆ ಸಹಿ ಹಾಕುವವರು ಎಷ್ಟು ಮಂದಿಯೋ.

2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ 'ಡೈಮಂಡ್ ಪ್ರಿನ್ಸೆಸ್' ಹಡಗನ್ನು ಕೊರೋನಾ ಕಾರಣದಿಂದ ತಡೆದು ನಿಲ್ಲಿಸಿದರು. ಅದರಲ್ಲಿದ್ದ ಸುಮಾರು 3,700 ಜನರಲ್ಲಿ 700ಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿತು. ಪ್ರಯಾಣಿಕರು ತಮ್ಮ ಕೋಣೆಗಳೊಳಗೆ ಉಳಿದರು. ಬಾಗಿಲು ಬಾಗಿಲಿಗೆ ಊಟ ಹೊತ್ತವರು ಸಿಬ್ಬಂದಿಯವರು. ಅವರಲ್ಲಿ ಭಾರತೀಯರೇ ನೂರಕ್ಕೆ ಮೇಲಿದ್ದರು. ಹಾಸಿಗೆ ಮಡಚುವ ಕೆಲಸವೆಂದು ಹೀಗಳೆಯುವವರು ಇದನ್ನು ನೆನೆಯಬೇಕು. ಪರಿಚಾರಕನಾದರೂ ಬೆಂಕಿ ಆರಿಸುವುದನ್ನೂ ನೀರಿನಲ್ಲಿ ಜೀವ ಉಳಿಸಿಕೊಳ್ಳುವುದನ್ನೂ ಪ್ರಥಮ ಚಿಕಿತ್ಸೆಯನ್ನೂ ಕಲಿಯದೆ ಹಡಗು ಹತ್ತುವಂತಿಲ್ಲ.

ಹಾಗಾದರೆ ಹಡಗಿಗೆ ಹೋಗಬೇಡಿರೆಂದು ನಾನು ಹೇಳುತ್ತಿರುವೆನೇ? ಖಂಡಿತ ಇಲ್ಲ. ಗೆಳೆಯನ ತಂಗಿ ಇಂದು ನರ್ಸಿಂಗ್ ಓದುತ್ತಿರುವುದು ಆ ಹದಿನೆಂಟು ಕೋಣೆಗಳಿಂದ. ಇತಿಹಾಸ ಓದಿದವನು ಟವೆಲಿನ ಆನೆ ಮಾಡಿದರೆ ಪದವಿಗೆ ಕುಂದಿಲ್ಲ. ಕರಾರನ್ನು ಓದದೆ ಸಹಿ ಹಾಕಿ, ಕೊಡಬೇಕಾಗಿಲ್ಲದ ಹಣವನ್ನು ಸಾಲ ಮಾಡಿ ಕೊಟ್ಟರೆ ಮಾತ್ರ ಮೂರು ವರ್ಷ ಓದಿದ್ದೇತಕ್ಕೆ ಎಂದು ಕೇಳಬೇಕಾಗುತ್ತದೆ.

ಈ ವರ್ಷ ನಮ್ಮ ತರಗತಿಯಲ್ಲಿಯೇ ಇಬ್ಬರನ್ನು ದಲ್ಲಾಳಿಗಳು ಹಣಕ್ಕಾಗಿ ಕೇಳಿದ್ದಾರೆ. ಪರೀಕ್ಷೆ ಮುಗಿಯುವುದರೊಳಗೆ ಅವರ ಮನೆಯ ಚಿನ್ನವೂ ಅಡವಿಗೆ ಹೋದೀತು. ಆದುದರಿಂದ ಪೂಜ್ಯ ಅಧ್ಯಾಪಕರಲ್ಲಿ ನನ್ನ ವಿನಂತಿ ಇಷ್ಟೇ: ಇಂಗ್ಲಿಷ್ ತರಗತಿಯಲ್ಲಿ ರಜೆಯ ಅರ್ಜಿ ಬರೆಯಲು ಕಲಿಸುವಂತೆ ಒಂದು ಕರಾರುಪತ್ರವನ್ನು ಓದಲೂ ಕಲಿಸಿರಿ. ಕೇಂದ್ರ ಸರ್ಕಾರದ ನೌಕಾಯಾನ ಆಡಳಿತದಿಂದ ಪರವಾನಗಿ ಪಡೆದ ಏಜೆನ್ಸಿಗಳ ಪಟ್ಟಿಯನ್ನು ಸೂಚನಾಫಲಕದಲ್ಲಿ ಹಾಕಿಸಿರಿ. ರಜೆಯಲ್ಲಿ ಊರಿಗೆ ಬಂದ ಹಳೆಯ ವಿದ್ಯಾರ್ಥಿಗಳನ್ನು ಕರೆಸಿ ಒಂದು ಗಂಟೆ ಮಾತನಾಡಿಸಿರಿ. ಸಹಪಾಠಿಗಳೇ, ನೀವು ಹೋಗುವುದಾದರೆ ತಲೆಯೆತ್ತಿ ಹೋಗಿರಿ. ಹೋಗುವ ಮುಂಚೆ ಕರಾರಿನ ಪ್ರತಿಯೊಂದು ಸಾಲನ್ನೂ ಓದಿರಿ. ಅರ್ಥವಾಗದ ಸಾಲಿಗೆ ಸಹಿ ಹಾಕಬೇಡಿರಿ.

— ಅಂತಿಮ ಬಿ.ಎ. ವಿದ್ಯಾರ್ಥಿ